ಮಳೆಗಾಲದಲ್ಲಿ ಮಕ್ಕಳು ಬಂದು ಹೋಗುವ ದಾರಿ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾಗಿದೆ, ಮಳೆಯೂ ಹಿಡಿದಿದೆ. ಪುಸ್ತಕ, ಯೂನಿಫಾರ್ಮ್ ವಿಷಯ ಸಭೆಯಲ್ಲಿ ಮಾತಾಡೋಣ. ಈ ಪತ್ರ ಬರೆಯುತ್ತಿರುವುದು ಮಕ್ಕಳು ನಡೆದು ಬರುವ ದಾರಿಯ ಬಗ್ಗೆ.

ನಮ್ಮ ಎಷ್ಟೋ ಮಕ್ಕಳು ತೋಡು, ಅಂದರೆ ಸಣ್ಣ ಹಳ್ಳ, ದಾಟಿಯೇ ಬರಬೇಕು. ಕೆಲವು ಕಡೆ ಇರುವುದು ಅಡಿಕೆ ಮರ ಜೋಡಿಸಿದ ಕಾಲುಸಂಕ ಮಾತ್ರ. ಬೇಸಿಗೆಯಲ್ಲಿ ಅದರ ಮೇಲೆ ಓಡಿಯೇ ದಾಟುತ್ತಾರೆ. ಮಳೆ ಹಿಡಿದ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಬೆನ್ನಿಗೆ ಬ್ಯಾಗು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಗೆ ಹಿಡಿಯಲು ಏನೂ ಇಲ್ಲ. ಕೊಡೆಗೆ ಗಾಳಿ ಹೊಡೆದರೆ ಮಗುವೂ ವಾಲುತ್ತದೆ. ಆದಷ್ಟು ರೇನ್‌ಕೋಟ್ ಹಾಕಿಸಿ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೊರಟ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ನಮಗೆಲ್ಲ ನೆನಪಿದೆ, ಅಲ್ವಾ?

ತೋಡು ತುಂಬಿದ ದಿನ ಮಗುವನ್ನು ಕಳಿಸಲೇಬೇಡಿ. ಹಾಜರಿ ಹೋಗುತ್ತದೆ, ಪಾಠ ತಪ್ಪುತ್ತದೆ ಅನ್ನುವ ಚಿಂತೆ ಬೇಡ. ಪಾಠ ನಾವು ಮತ್ತೆ ಮಾಡಿಕೊಡುತ್ತೇವೆ. ಜಿಲ್ಲೆಗೆ ರಜೆ ಕೊಟ್ಟಿಲ್ಲ ಅಂದ ಮಾತ್ರಕ್ಕೆ ನಿಮ್ಮ ದಾರಿ ಸರಿಯಿದೆ ಅಂತಲ್ಲ. ಮನೆ ಹತ್ತಿರದ ತೋಡು ಹೇಗಿದೆ ಅನ್ನುವುದು ನಿಮಗೇ ಗೊತ್ತು. ಒಂದು ಫೋನ್ ಮಾಡಿದರೆ ಸಾಕು.

ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಜೋರು ಮಳೆಯಾದರೆ ಹೊಳೆ ದಿಢೀರ್ ಏರುತ್ತದೆ. ನೀರು ಕೆಂಪಾಗಿ, ಕಸಕಡ್ಡಿ, ತರಗೆಲೆ ತೇಲಿ ಬರತೊಡಗಿದರೆ ಹಿಂದೆಯೇ ದೊಡ್ಡ ನೀರು ಬರುತ್ತಿದೆ ಅಂತಲೇ ಲೆಕ್ಕ. ಈ ಗುರುತನ್ನು ಮಕ್ಕಳಿಗೆ ಹೇಳಿಕೊಡಿ. ಸೆಳೆತ ಇದ್ದರೆ ಮೊಣಕಾಲು ಮಟ್ಟದ ನೀರು ದೊಡ್ಡವರನ್ನೂ ಕೆಡವುತ್ತದೆ. ರಸ್ತೆ ಮೇಲೆ ನೀರು ಹರಿಯುವಾಗ ಮಕ್ಕಳನ್ನು ಬೈಕಲ್ಲಿ ಕೂರಿಸಿಕೊಂಡು ದಾಟುವ ಧೈರ್ಯ ದಯವಿಟ್ಟು ಮಾಡಬೇಡಿ. ಆಟೋದವರಿಗೂ ಇದನ್ನೇ ಹೇಳಿದ್ದೇವೆ.

ಇನ್ನು ಸಿಡಿಲು. ಮಳೆಗಾಲದ ಶುರುವಿನಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ ಇದರ ಕಾಟ ಜಾಸ್ತಿ. ಅದೂ ಹೆಚ್ಚಾಗಿ ಶಾಲೆ ಬಿಡುವ ಹೊತ್ತಿಗೇ. ಮಳೆ ಬಾರದಿದ್ದರೂ, ಗುಡುಗು ಕೇಳಿಸಿತು ಅಂದರೆ ಸಿಡಿಲು ನಮ್ಮಲ್ಲೂ ಬಡಿಯಬಹುದು. ಅದಕ್ಕೇ ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ತಡವಾದರೆ ಗಾಬರಿಯಾಗಬೇಡಿ. ಕರೆದುಕೊಂಡು ಹೋಗಲು ಬಂದವರು ಗೇಟಿನ ಪಕ್ಕ ಮರದಡಿ ನಿಲ್ಲದೆ ತರಗತಿಯೊಳಗೆ ಬನ್ನಿ. ಮನೆಯಲ್ಲೂ ಅಷ್ಟೇ, ಜಗಲಿ ಬಿಟ್ಟು ಒಳಗೆ ಕೂರಿಸಿ. ಅಂಗಳದ ತಂತಿ ಮೇಲಿನ ಬಟ್ಟೆ ತರಲು ಮಕ್ಕಳನ್ನು ಓಡಿಸಬೇಡಿ. ಬಟ್ಟೆ ನೆನೆದರೆ ನಾಳೆ ಒಣಗುತ್ತದೆ. ಚಾರ್ಜಿಗೆ ಹಾಕಿದ ಫೋನ್ ಮುಟ್ಟುವುದು, ಸ್ನಾನ ಮಾಡುವುದು ಆ ಹೊತ್ತಲ್ಲಿ ಬೇಡ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವುದು ಸುಳ್ಳು. ತಕ್ಷಣ ಹತ್ತಿರ ಹೋಗಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಹರಿದು ಬಿದ್ದ ಕರೆಂಟ್ ತಂತಿಯ ವಿಷಯ ಬೇರೆ. ಅದರ ಹತ್ತಿರವೂ ಸುಳಿಯದೆ 1912ಕ್ಕೆ ತಿಳಿಸಿ.

ಪತ್ರದ ಜೊತೆ ಒಂದು ಚೀಟಿ ಇದೆ. ಜೋರು ಮಳೆ ಬಂದ ದಿನ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ, ಅವರ ಫೋನ್ ನಂಬರ್ ಏನು, ದಾರಿಯಲ್ಲಿ ಕಾಲುಸಂಕ ಇದೆಯಾ, ಇಷ್ಟು ಬರೆದು ಶನಿವಾರದೊಳಗೆ ಕಳಿಸಿ. ಚೀಟಿಯಲ್ಲಿ ಹೆಸರಿರುವವರು ಬರುವ ತನಕ ಮಗು ನಮ್ಮ ಜೊತೆಯೇ ಇರುತ್ತದೆ, ಎಷ್ಟು ಹೊತ್ತಾದರೂ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ