ಎಂಪಿತ್ರೀ ಅಷ್ಟೇ ಅಲ್ಲ, ಮೂಲ ಫೈಲೂ ಕೇಳಿ ಪಡೆಯಿರಿ

ಮಾನ್ಯರೇ,

ಹಳೆಯ ಹಾಡುಗಾರರ ದನಿ ಉಳಿಯಲಿಲ್ಲ ಎಂದು ವಾಚಕರ ಪತ್ರಗಳಲ್ಲಿ ಆಗಾಗ ಓದುತ್ತೇನೆ. ನಾನು ಜಮಖಂಡಿಯಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತೇನೆ. ಗೀಗೀ ಪದ, ಭಜನೆ, ಡೊಳ್ಳಿನ ಪದ ನಮ್ಮ ಹೊಟ್ಟೆಪಾಡು. ನಾನು ಕಂಡಂತೆ ಎಷ್ಟೋ ದನಿಗಳು ರೆಕಾರ್ಡ್ ಆಗಿವೆ. ಕಳೆದದ್ದು ಆಮೇಲೆ.

ಈಚೆಗೆ ಹರದೇಶಿ ಹಾಡುತ್ತಿದ್ದ ಹಿರಿಯರೊಬ್ಬರ ಮಗ ಪೆನ್‌ಡ್ರೈವ್ ತಂದಿದ್ದರು. "ಅಪ್ಪಾರ ಹಾಡು ಎಲ್ಲಾ ಇದರಾಗ ಐತ್ರಿ. ಕೀಬೋರ್ಡ್ ತಗದು ಬರೇ ದನಿ ಕೊಡ್ರಿ" ಅಂದರು. ತೆರೆದು ನೋಡಿದರೆ ಇದ್ದದ್ದು ಬರೀ ಪ್ರಾಜೆಕ್ಟ್ ಫೈಲ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಹಾಡು ಜೋಡಿಸಿದ ಫೈಲ್. ಪರದೆ ತುಂಬ ಹಾಡಿನ ತುಣುಕುಗಳ ಕ್ಲಿಪ್‌ಗಳು, ಒಂದರಲ್ಲೂ ಸದ್ದಿಲ್ಲ. ಎಲ್ಲಕ್ಕೂ 'ಫೈಲ್ ಸಿಗುತ್ತಿಲ್ಲ' ಎಂಬ ಸೂಚನೆ. ರೆಕಾರ್ಡ್ ಮಾಡಿದ ಸ್ಟುಡಿಯೊದವರು ಜಾಗ ಸಾಲದೆಂದು ಡಿಸ್ಕ್ ಖಾಲಿ ಮಾಡಿಬಿಟ್ಟಿದ್ದರಂತೆ.

ಸಾಮಾನ್ಯವಾಗಿ ಪ್ರಾಜೆಕ್ಟ್ ಫೈಲ್‌ನಲ್ಲಿ ದನಿ ಇರುವುದಿಲ್ಲ. ಯಾವ ವೇವ್ ಫೈಲನ್ನು (ಕುಗ್ಗಿಸದ ಮೂಲ ದನಿಯ ಫೈಲ್) ಎಲ್ಲಿಂದ ಎಲ್ಲಿವರೆಗೆ ನುಡಿಸಬೇಕು, ಎಲ್ಲಿ ಕಟ್, ಎಲ್ಲಿ ಫೇಡ್ (ದನಿಯನ್ನು ಮೆಲ್ಲಗೆ ಏರಿಸುವುದು ಇಲ್ಲವೇ ಇಳಿಸುವುದು) ಎಂಬ ಲೆಕ್ಕ ಮಾತ್ರ ಇರುತ್ತದೆ. ಹಾಗಾಗಿ ಕ್ಲಿಪ್ ಕತ್ತರಿಸಿದರೂ ಮೂಲಕ್ಕೆ ಏನೂ ಆಗಲ್ಲ. ಅಂಚು ಹಿಡಿದು ಎಳೆದರೆ ಕತ್ತರಿಸಿದ್ದು ಮತ್ತೆ ಬರುತ್ತದೆ. ಆದರೆ ವೇವ್ ಫೈಲೇ ಹೋದರೆ ಎಳೆಯುವುದಕ್ಕೆ ಏನಿದೆ?

ಮೂಲ ಯಾಕೆ ಬೇಕು ಎಂದರೆ, ಕತ್ತರಿಸುವವನ ಕೈ ಎಲ್ಲ ಕಾಲಕ್ಕೂ ಸರಿ ಎನ್ನಲಾಗದು. ಹರದೇಶಿ-ನಾಗೇಶಿ ಎಂದರೆ ಎರಡು ಮೇಳಗಳ ನಡುವೆ ರಾತ್ರಿಯಿಡೀ ನಡೆಯುವ ಹಾಡಿನ ಸವಾಲ್-ಜವಾಬು. ಯೂಟ್ಯೂಬಿಗೆಂದು ಅದನ್ನು ಐದು ನಿಮಿಷಕ್ಕೆ ಇಳಿಸುವಾಗ ಸವಾಲು ಉಳಿದು ಜವಾಬು ಹೋಗುತ್ತದೆ. ಹಾಡುಗಾರ ಉಸಿರೆಳೆದದ್ದು, ಹಿಮ್ಮೇಳದವರ ಶಹಬ್ಬಾಸ್, ಎಲ್ಲವೂ 'ಗದ್ದಲ' ಎಂದು ಹೋಗುತ್ತದೆ. ತುಂತುಣಿಯ ತಂತಿ ಮೀಟಿದ ಮೇಲೆ ಅದರ ನಾದ ಇನ್ನೂ ಎಳೆಯುತ್ತಿರುತ್ತದೆ. ಅದರ ನಡುವೆ, ಪರದೆಯಲ್ಲಿ ಕಾಣುವ ದನಿಯ ಅಲೆ ನಡುವಿನ ಸೊನ್ನೆ ಗೆರೆಗೆ ಬರುವ ಮೊದಲೇ ಕತ್ತರಿಸಿದರೆ 'ಟಕ್' ಎಂದು ಕೇಳುತ್ತದೆ. ನಾಲ್ಕೈದು ಮಿಲಿಸೆಕೆಂಡಿನ ಫೇಡ್ ಹಾಕಿದರೆ ಟಕ್ ಮುಚ್ಚುತ್ತದೆ, ಹೋದ ನಾದ ಮಾತ್ರ ಬರಲ್ಲ. ದನಿ ಬೇರ್ಪಡಿಸುವ ಎಐ ಬಂದಿದೆ ಅಲ್ವಾ ಎನ್ನುತ್ತಾರೆ. ಬಂದಿದೆ. ನಾನು ಬಳಸಿದಾಗ ತುಂತುಣಿ ದನಿಗೆ ಅಂಟಿಕೊಂಡೇ ಬಂತು.

ಜಾಗ ಸಾಲದು ಎಂಬ ಮಾತು ಈಗ ಸುಮ್ನೆ ನೆಪ. 24 ಬಿಟ್, 48 ಕಿಲೊಹರ್ಟ್ಜ್‌ನಲ್ಲಿ ಒಂದು ಮೈಕಿನ ಒಂದು ಗಂಟೆಗೆ ಸುಮಾರು 520 ಎಂಬಿ. ನಾಲ್ಕು ಮೈಕ್ ಇಟ್ಟರೂ 64 ಜಿಬಿ ಪೆನ್‌ಡ್ರೈವ್‌ನಲ್ಲಿ ಹತ್ತಿರಹತ್ತಿರ 30 ಗಂಟೆ ಹಿಡಿಯುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಏಬಲ್‌ಟನ್‌ನಲ್ಲಿ 'ಕಲೆಕ್ಟ್ ಆಲ್ ಅಂಡ್ ಸೇವ್' ಒತ್ತಿದರೆ ಬೇರೆ ಬೇರೆ ಕಡೆ ಚದುರಿದ ಫೈಲ್‌ಗಳೂ ಪ್ರಾಜೆಕ್ಟ್ ಫೋಲ್ಡರಿಗೇ ಬಂದು ಸೇರುತ್ತವೆ. ಬೇರೆ ಸಾಫ್ಟ್‌ವೇರ್‌ಗಳಲ್ಲೂ ಇಂಥ ದಾರಿ ಇದೆ. ಇನ್ನೂ ಒಳ್ಳೆಯದು, ಪ್ರತಿ ಟ್ರ್ಯಾಕನ್ನೂ ಮೊದಲಿನಿಂದ ಕೊನೆವರೆಗೆ ಒಂದೇ ವೇವ್ ಆಗಿ ತೆಗೆದಿಡುವುದು. ನಾಳೆ ಯಾವ ಸಾಫ್ಟ್‌ವೇರ್ ಬಂದರೂ ಎಲ್ಲವನ್ನೂ ಒಂದೇ ಆರಂಭದ ಗೆರೆಗೆ ಜೋಡಿಸಿದರೆ ತಾಳಕ್ಕೆ ಕೂಡುತ್ತದೆ.

ಹೆಸರಿನದು ಬೇರೆ ಗೋಳು. 'ಆಡಿಯೊ 14' ಅಂದರೆ ಯಾರು, ಯಾವೂರು? ಹಾಡಿದವರ ಹೆಸರು, ಊರು, ಪದದ ಮೊದಲ ಸಾಲು, ತಾರೀಖು ಬರೆಯಿರಿ. ಹೆಸರು ಕೊಡುವುದು ರೆಕಾರ್ಡ್ ಒತ್ತುವ ಮುಂಚೆ ಆಗಬೇಕು. ಆಮೇಲೆ ಫೋಲ್ಡರಿನಲ್ಲಿ ಹೆಸರು ಬದಲಿಸಿದರೆ ಪ್ರಾಜೆಕ್ಟಿಗೆ ಆ ಫೈಲ್ ಗುರುತು ಸಿಗದೆ ಅದೇ ಪಾಡಾಗುತ್ತದೆ.

ಕಲಾವಿದರೇ, ಹಣ ಚುಕ್ತಾ ಮಾಡುವ ಮುಂಚೆ ವೇವ್ ಫೈಲ್ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ, ಕುಗ್ಗಿಸಿದ ಎಂಪಿತ್ರೀಗೇ ಖುಷಿಪಟ್ಟು ಬರಬೇಡಿ. ಸರ್ಕಾರದ ದುಡ್ಡಿನಲ್ಲಿ ಜಾನಪದ ದಾಖಲೀಕರಣ ಮಾಡಿಸುವವರು, ಕತ್ತರಿಸದ ಮೂಲ ಫೈಲ್‌ಗಳ ಒಂದು ಪ್ರತಿ ಕಲಾವಿದರ ಮನೆಗೆ ತಲುಪಿದ ಮೇಲಷ್ಟೇ ಬಿಲ್ ಪಾಸು ಮಾಡಲಿ.

– ಒಬ್ಬ ರೆಕಾರ್ಡಿಂಗ್ ಕೆಲಸಗಾರ, ಜಮಖಂಡಿ, ಬಾಗಲಕೋಟೆ ಜಿಲ್ಲೆ