ಇಪ್ಪತ್ತೊಂದು ಚಲನೆಗಳ ಋಣ

ಕಳೆದ ತಿಂಗಳು ಶೋಟೊಕಾನ್ ಶೈಲಿಯ ಕರಾಟೆಯ ಮೂರನೆಯ ಡಾನ್ (ಕಪ್ಪು ಬೆಲ್ಟಿನ ಮೂರನೆಯ ದರ್ಜೆ) ಪರೀಕ್ಷೆಯಲ್ಲಿ ನಾನು ಉತ್ತೀರ್ಣಳಾದೆ. 48ನೆಯ ವಯಸ್ಸಿನಲ್ಲಿ, ಅದೂ ಬಲ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೂರು ವರ್ಷಗಳ ನಂತರ ಇದು ಕೈಗೂಡಿತೆಂದು ಅನೇಕರು ಅಭಿನಂದಿಸಿದ್ದಾರೆ. ಆ ಅಭಿನಂದನೆಯಲ್ಲಿ ದೊಡ್ಡ ಪಾಲು ಬೇರೆಯವರಿಗೆ ಸಲ್ಲಬೇಕಾದದ್ದು. ಅದನ್ನು ಅವರಿಗೆ ತಲುಪಿಸುವುದಕ್ಕಾಗಿ ಈ ಬರಹ.

ನಾನು ಕರಾಟೆ ಆರಂಭಿಸಿದ್ದು 24ನೆಯ ವಯಸ್ಸಿನಲ್ಲಿ, ಮೈಸೂರಿನ ಒಂದು ಶಾಲೆಯ ಸಭಾಂಗಣದಲ್ಲಿ. ಮೊದಲು ಕಲಿತ ಕಟಾ, ಅಂದರೆ ನಿಗದಿತ ಕ್ರಮದ ಚಲನೆಗಳ ಸರಣಿ, ಎಲ್ಲರಂತೆ ಹೆಯಾನ್ ಶೋಡಾನ್. ಒಟ್ಟು 21 ಚಲನೆಗಳು, ಮೂರೇ ಮೂರು ಬಗೆಯ ತಡೆ, ಒಂದೇ ಬಗೆಯ ನೇರ ಹೊಡೆತ, ಎರಡು ಕಿಯಾಯ್ (ಬಲ ಕೂಡಿಸುವ ಕೂಗು). 1900ರ ದಶಕದ ಆರಂಭದಲ್ಲಿ ಇತೋಸು ಆಂಕೋ ಅವರು ಒಕಿನಾವಾದ ಶಾಲಾ ಮಕ್ಕಳಿಗಾಗಿ ರೂಪಿಸಿದ ಐದು ಪಿನಾನ್ ಕಟಾಗಳಿಗೆ ಅವರ ಶಿಷ್ಯ ಫುನಾಕೋಶಿ ಗಿಚಿನ್ ಅವರು ಮುಂದೆ ಹೆಯಾನ್ ಎಂಬ ಹೆಸರು ಕೊಟ್ಟರು. ಮಕ್ಕಳಿಗಾಗಿ ಮಾಡಿದ್ದಲ್ಲವೇ ಎಂಬ ಸಸಾರದಲ್ಲಿ ಒಂದೇ ತಿಂಗಳಿಗೆ ಅದನ್ನು ಮುಗಿಸಿದೆನೆಂದು ಭಾವಿಸಿ, ಹಾರುವ, ಸುತ್ತುವ, ನೋಡುಗರ ಕಣ್ಣು ಅರಳಿಸುವ ಕಟಾಗಳತ್ತ ಆಸೆಯಿಂದ ನೋಡುತ್ತಿದ್ದೆ. ಮೂರು ತೆಕ್ಕಿ ಕಟಾಗಳಿಗೆ ಹತ್ತು ವರ್ಷ ಕೊಟ್ಟೆನೆಂದು ಫುನಾಕೋಶಿಯವರು ಬರೆದದ್ದನ್ನು ನಮ್ಮ ಸೆನ್ಸೈ (ಗುರುಗಳು) ಹೇಳಿದಾಗ, ಆ ಕಾಲದವರಿಗೆ ಬೇರೆ ಕೆಲಸವಿರಲಿಲ್ಲವೇನೋ ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಸ್ಕೂಟರ್ ಜಾರಿ ಬಿದ್ದಾಗ ಹರಿದದ್ದು ಮೊಣಕಾಲಿನೊಳಗಿನ ಎಸಿಎಲ್ ಎಂಬ ಲಿಗಮೆಂಟ್. ಮೊಣಕಾಲು ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಹೆಯಾನ್ ಶೋಡಾನ್‌ನಲ್ಲಿ ಸತತ ಮೂರು ಆಗೆ ಉಕೆ (ಕೈಯನ್ನು ಮೇಲಕ್ಕೆತ್ತುವ ತಡೆ) ಮಾಡಿ ನಿಂತಾಗ ಮೈಭಾರ ಮುಂದಿನ ಬಲಗಾಲಿನ ಮೇಲಿರುತ್ತದೆ. ಅದೇ ಕಾಲನ್ನು ಅಚ್ಚಾಗಿ ಇಟ್ಟುಕೊಂಡು, ಎಡಗಾಲನ್ನು ಬೆನ್ನ ಹಿಂದಿನಿಂದ ಸುತ್ತಿಸಿ 270 ಡಿಗ್ರಿ ತಿರುಗಬೇಕು. ಮೂರು ಓಯ್ ಜುಕಿಗಳಾದ (ಹೆಜ್ಜೆ ಮುಂದಿಟ್ಟು ಹೊಡೆಯುವ ನೇರ ಹೊಡೆತ) ಮೇಲೆ ಮತ್ತೊಮ್ಮೆ ಅದೇ ತಿರುವು, ಅದೇ ಕಾಲಿನ ಮೇಲೆ. ಆರು ವರ್ಷದ ಮಕ್ಕಳು ಮಾಡುವ ಕಟಾ ನನಗೆ ಎಲ್ಲಕ್ಕಿಂತ ಕೊನೆಯಲ್ಲಿ ಮರಳಿ ದಕ್ಕಿತು.

ಈ ವಯಸ್ಸಿಗೆ ವಾಕಿಂಗ್ ಸಾಕಲ್ಲವೇ ಎಂದು ವೈದ್ಯರೊಬ್ಬರು ಕೇಳಿದ ದಿನ, ಬಿಟ್ಟುಬಿಡುತ್ತೇನೆಂದು ಸೆನ್ಸೈ ಅವರಿಗೆ ಫೋನ್ ಮಾಡಿದ್ದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. “ಕಾಲಿಗೆ ತಾನೇ ರಜೆ? ಕೈಗೂ ಕಣ್ಣಿಗೂ ಯಾರು ಕೊಟ್ಟರು?” ಎಂದು ಕೇಳಿ, ಮರುದಿನದಿಂದ ಕುರ್ಚಿಯ ಮೇಲೆ ಕೂತು ಕಟಾ ಮಾಡಲು ಹೇಳಿದರು. ಹಾಗೆ ಕೂತು ಮಾಡುವಾಗಲೇ, ಹೊಡೆಯುವ ಕೈಯಷ್ಟೇ ವೇಗವಾಗಿ ಇನ್ನೊಂದು ಕೈ ಸೊಂಟಕ್ಕೆ ಹಿಂತಿರುಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು. ಎರಡು ದಶಕ ಈ ತಪ್ಪನ್ನು ಕಾಲಿನ ಸದ್ದು ಮುಚ್ಚಿಹಾಕಿತ್ತು. ಆ ಕುರ್ಚಿಗಾಗಿ, ಆ ಗದರಿಕೆಗಾಗಿ ಸೆನ್ಸೈ ಅವರಿಗೆ ನನ್ನ ನಮಸ್ಕಾರಗಳು.

ಫಿಸಿಯೋಥೆರಪಿಸ್ಟ್ ಅವರಿಗೆ ಕರಾಟೆಯ ಗಂಧಗಾಳಿಯೂ ಇರಲಿಲ್ಲ. ಆದರೂ ಆ ತಿರುವನ್ನು ನಿಧಾನವಾಗಿ ಹತ್ತಾರು ಬಾರಿ ಮಾಡಿ ತೋರಿಸಲು ಹೇಳಿ, ತಾವೇ ನೆಲದ ಮೇಲೆ ಕೂತು ನನ್ನ ಪಾದವನ್ನು ಗಮನಿಸಿದರು. ಸೊಂಟ ತಿರುಗಿದ ಮೇಲೂ ಪಾದ ನೆಲಕ್ಕಂಟಿಕೊಂಡೇ ಇರುತ್ತಿತ್ತು, ನಡುವಿನ ಮೊಣಕಾಲು ಎರಡರ ಜಗಳಕ್ಕೆ ಸಿಕ್ಕಿ ತಿರುಚುತ್ತಿತ್ತು. ಮಂಡಿ ನೋಡುವ ದಿಕ್ಕನ್ನೇ ಹೆಬ್ಬೆರಳೂ ನೋಡಬೇಕು ಎಂದು ಅವರು ಹೇಳಿದಾಗ ನನಗೆ ನಾಚಿಕೆಯಾಯಿತು, ಏಕೆಂದರೆ ಸೆನ್ಸೈ ಮೊದಲ ವಾರದಲ್ಲಿಯೇ ಹೇಳಿದ್ದ ಮಾತು ಅದು.

ತರಗತಿಗೆ ಮರಳಿದಾಗ ಮಕ್ಕಳ ಸಾಲಿನಲ್ಲಿ ನಿಂತೆ. ಹಳದಿ ಬೆಲ್ಟಿನ ಹನ್ನೊಂದು ವರ್ಷದ ಹುಡುಗನೊಬ್ಬ ಬಹಳ ಸಂಕೋಚದಿಂದ ಹತ್ತಿರ ಬಂದು, “ಆಂಟಿ, ನೀವು ತಿರುಗೋಕೆ ಮುಂಚೆ ನೆಲ ನೋಡ್ತೀರಾ” ಎಂದ. ಭಯ ನನ್ನ ಕಣ್ಣಿನಲ್ಲಿ ಕಾಣುತ್ತಿದೆಯೆಂದು ಹಿರಿಯ ಬೆಲ್ಟಿನವರು ಯಾರೂ ಹೇಳಿರಲಿಲ್ಲ, ಬಹುಶಃ ಮರ್ಯಾದೆಗಾಗಿ. ಕಟಾ ಮಾಡುವವರಿಗೆ ತಮ್ಮ ಬೆನ್ನಾಗಲಿ ತಮ್ಮ ಕಣ್ಣಾಗಲಿ ಕಾಣುವುದಿಲ್ಲ. ಕಂಡದ್ದನ್ನು ಹೇಳಿದ ಆ ಹುಡುಗನಿಗೆ ನಾನು ವಿಶೇಷವಾಗಿ ಋಣಿ.

ಬೆಳಿಗ್ಗೆ ಐದೂವರೆಗೆ ತಾರಸಿಯ ಮೇಲೆ ಬಂದು, ತೂಕಡಿಸುತ್ತಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಟ್ಟ ನನ್ನ ಪತಿಗೂ ಕೃತಜ್ಞತೆಗಳು. ಆ ವಿಡಿಯೋಗಳಲ್ಲಿ ಅರ್ಧದಲ್ಲಿ ನನ್ನ ತಲೆಯೇ ಇಲ್ಲ. ಆದರೆ ನನಗೆ ಬೇಕಿದ್ದದ್ದು ಪಾದಗಳು, ಅವು ಎಲ್ಲದರಲ್ಲಿಯೂ ಇವೆ.

ಪರೀಕ್ಷೆಯ ದಿನ ನಾನು ಆರಿಸಿಕೊಂಡದ್ದು ಜಿಯೋನ್. ಪರೀಕ್ಷಕರು ಇನ್ನೊಂದು ಕಟಾ ಹೇಳುವುದಿತ್ತು. ಹೆಯಾನ್ ಶೋಡಾನ್ ಕೇಳಲಿ ಎಂದು ಎರಡು ವರ್ಷಗಳಿಂದ ಕಾದಿದ್ದ ನನಗೆ ಅವರು ಹೇಳಿದ್ದು ಹೆಯಾನ್ ಯೋಂಡಾನ್. ಅದರ ಕೊನೆಯ ಭಾಗದಲ್ಲಿ ಎದುರಾಳಿಯ ತಲೆಯನ್ನು ಎರಡೂ ಕೈಗಳಿಂದ ಕೆಳಗೆಳೆದು ಬಲ ಮೊಣಕಾಲಿನಿಂದ ಹೊಡೆದು, ಆ ಕಾಲನ್ನು ಊರಿ ಹಿಂದಕ್ಕೆ ತಿರುಗಬೇಕು. ಹೊಲಿಗೆಯ ಗುರುತಿರುವ ಅದೇ ಮೊಣಕಾಲು ಮೇಲೇರಿತು, ಕಿಯಾಯ್ ಹೊರಟಿತು, ಕಾಲು ಊರಿತು, ಹೆಬ್ಬೆರಳು ಮಂಡಿಯ ಜೊತೆಯಲ್ಲೇ ತಿರುಗಿತು. ನೆಲವನ್ನು ನೋಡಲಿಲ್ಲ.

ಕೆಳಗಿನ ಮನೆಯ ಅಜ್ಜಿಯವರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಇಷ್ಟು ವರ್ಷ ನಮ್ಮ ತಾರಸಿಯ ಧಡಧಡ ಸದ್ದನ್ನು ಅವರು ಒಮ್ಮೆಯೂ ದೂರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಮಾತ್ರ ಮೆಟ್ಟಿಲು ಹತ್ತಲಾರದೆ ಹತ್ತಿ ಬಂದು, “ಏನಮ್ಮಾ, ಕಿರುಚೋದೇ ಕೇಳಿಸ್ತಾ ಇಲ್ಲ, ಬೆಳಗಾಗಿದ್ದೇ ಗೊತ್ತಾಗಲ್ಲ ನಂಗೆ” ಎಂದಿದ್ದರು. ಪ್ರಮಾಣಪತ್ರ ಬಂದ ಸಂಜೆ ಮೈಸೂರ್‌ಪಾಕಿನ ಡಬ್ಬಿಯೊಂದಿಗೆ ಅವರ ಮನೆಗೆ ಹೋದೆ. ಡಬ್ಬಿ ತೆಗೆದುಕೊಂಡವರು ಪ್ರಮಾಣಪತ್ರವನ್ನು ನೋಡಲಿಲ್ಲ, ನನ್ನ ಮೊಣಕಾಲನ್ನು ಮುಟ್ಟಿ ನೋಡಿದರು.