ಒಬ್ಬಳಿಗೆ ಜಾಸ್ತಿ, ಉಳಿದವರು ಬೇಜಾರಾಗಬೇಡಿ

ಅಂಡಾಶಯದ ಕ್ಯಾನ್ಸರಿಗೆ ಆರನೇ, ಕೊನೇ ಕೀಮೋ ಮುಗಿದು ನಿನ್ನೆಗೆ ಎರಡು ವರ್ಷ. ಸ್ಕ್ಯಾನ್ ಚೆನ್ನಾಗಿದೆ. ಈ ಕಾಯಿಲೆಯ ಮೇಲೆ ಕಣ್ಣಿಡಲು ಮಾಡುವ ರಕ್ತಪರೀಕ್ಷೆ ಸಿಎ-125 ಈ ಸಲ 14. 35ರ ಒಳಗಿದ್ದರೆ ಚಿಂತೆಯಿಲ್ಲ ಅಂತ ನನಗೂ ಗೊತ್ತು. ಆದರೂ ಹೋದ ಸಲ 11 ಇತ್ತಲ್ಲ, ಮೂರು ಯಾಕೆ ಏರಿತು ಅಂತ ಒಂದು ರಾತ್ರಿ ನಿದ್ದೆಗೆಟ್ಟೆ. "ಇನ್ನು ಮೂರು ತಿಂಗಳಿಗೊಮ್ಮೆ ಬೇಡ, ಆರು ತಿಂಗಳಿಗೆ ಬನ್ನಿ" ಎಂದರು ಡಾಕ್ಟರು. ಎಲ್ಲರೂ ಕುಣಿದಾಡಿದರು. ನನಗೆ ಮಾತ್ರ ಮೊದಲು ಅನಿಸಿದ್ದು, ಅಯ್ಯೋ, ಆರು ತಿಂಗಳು ನನ್ನನ್ನು ಯಾರೂ ನೋಡೋದಿಲ್ವಾ?

ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಬಾಕಿ ಇದ್ದದ್ದು ಥ್ಯಾಂಕ್ಸ್ ಹೇಳುವ ಕೆಲಸ. ಇಷ್ಟು ದಿನ ಮುಂದಕ್ಕೆ ಹಾಕಿದ್ದಕ್ಕೆ ಕಾರಣ ಮೂಢನಂಬಿಕೆ. ಥ್ಯಾಂಕ್ಸ್ ಹೇಳಿದ ಮರುದಿನವೇ ಅದು ವಾಪಸ್ ಬಂದರೆ ಅಂತ!

ಆಫೀಸಿನ ಗೆಳತಿಯರು, ಸರದಿ ಹಾಕಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ ಅಕ್ಕಪಕ್ಕದವರು, ಇನ್ಶೂರೆನ್ಸ್ ಕಾಗದಗಳ ಜೊತೆ ಗುದ್ದಾಡಿದ ತಮ್ಮ, ನನ್ನ ಬೋಳು ತಲೆ ನೋಡಿ ಒಂದು ಕ್ಷಣವೂ ಮುಖ ಬದಲಿಸದ ಗಂಡ, ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. "ಪಾಸಿಟಿವ್ ಆಗಿರಿ" ಅಂತ ದಿನಾ ಬೆಳಿಗ್ಗೆ ಮೆಸೇಜ್ ಕಳಿಸಿದವರಿಗೂ. ನಿಮ್ಮ ಪ್ರೀತಿ ತಲುಪಿತು, ಮೆಸೇಜ್ ಓದಲಿಲ್ಲ.

ಈಗ ನನ್ನ ಓರಗಿತ್ತಿ.

ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ ಅಂತ ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷದ ಹಳೇ ಜಗಳ, ಎದುರಾದರೆ "ಚೆನ್ನಾಗಿದ್ದೀರಾ" ಎನ್ನುವಷ್ಟೇ ಮಾತು. ಮೂರನೇ ಕೀಮೋ ಆಗಿ ಒಂಬತ್ತನೇ ದಿನ ಗಂಡ ಕೆಲಸದ ಮೇಲೆ ಪರಊರಿಗೆ ಹೋಗಲೇಬೇಕಾಯಿತು. ಎರಡು ರಾತ್ರಿಗೆ ಅಂತ ಬಂದವಳು ಇವಳು. ಬೇರೆ ಯಾರೂ ಸಿಗಲಿಲ್ಲ, ಅದಕ್ಕೇ.

ಮಧ್ಯರಾತ್ರಿ ಎರಡು ಗಂಟೆಗೆ ನನಗೆ ನಡುಕ ಶುರುವಾಯಿತು. ಥರ್ಮಾಮೀಟರ್ 101.2 ತೋರಿಸಿತು. "ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗ್ತೀನಿ, ಬೆಳಿಗ್ಗೆ ನೋಡೋಣ" ಎಂದೆ. ಅವಳು ಫ್ರಿಜ್ ಮೇಲೆ ಅಂಟಿಸಿದ್ದ ಹಾಳೆ ಕಿತ್ತು ತಂದಳು. ಆಸ್ಪತ್ರೆಯವರು ಕೊಟ್ಟಿದ್ದು, ಮೂರು ಸಲ ಕೊಟ್ಟಿದ್ದರೂ ನಾನು ಓದಿರಲಿಲ್ಲ. ಇವಳು ಬಂದ ದಿನವೇ ಓದಿದ್ದಳು. 100.4 ದಾಟಿದರೆ ಕಾಯಬೇಡಿ, ನೀವೇ ಮಾತ್ರೆ ತಗೊಂಡು ಜ್ವರ ಮುಚ್ಚಬೇಡಿ, ತಕ್ಷಣ ಬನ್ನಿ ಅಂತ ಅದರಲ್ಲಿತ್ತು. "ಬೆಳಿಗ್ಗೆ ನೋಡೋಣ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ" ಎಂದಳು. ಹತ್ತು ನಿಮಿಷದಲ್ಲಿ ಕಾರಿನಲ್ಲಿದ್ದೆವು.

ಎಮರ್ಜೆನ್ಸಿಯ ಬಾಗಿಲಲ್ಲೇ ಅವಳು ಜೋರಾಗಿ ಹೇಳಿದಳು: "ಕೀಮೋ ಆಗಿ ಒಂಬತ್ತು ದಿನ, ಜ್ವರ ಇದೆ." ಎರಡು ಸಲ ಹೇಳಿದಳು. ಮೂರನೇ ಸಲ ಎಲ್ಲರೂ ತಿರುಗಿ ನೋಡಿದರು. ರಕ್ತ ತೆಗೆದರು, ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿತ್ತು. ಮರುದಿನ ಡಾಕ್ಟರು "ಬೆಳಗಿನವರೆಗೆ ಕಾದಿದ್ದರೆ" ಅಂತ ಶುರು ಮಾಡಿ ಮಾತು ಬದಲಿಸಿದರು.

ನಾಲ್ಕು ಗಂಟೆ ಇರಬಹುದು. ಅಷ್ಟು ದಿನ ಯಾರನ್ನೂ ಕೇಳದ್ದನ್ನು ಅವಳನ್ನು ಕೇಳಿಬಿಟ್ಟೆ. "ನಾನು ಸಾಯ್ತೀನಾ?"

ಬೇರೆ ಯಾರಾದರೂ ಆಗಿದ್ದರೆ "ಛೆ, ಹಾಗೆಲ್ಲ ಮಾತಾಡಬಾರದು" ಎನ್ನುತ್ತಿದ್ದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಗೊತ್ತಿಲ್ಲ. ಆದರೆ ಇವತ್ತು ರಾತ್ರಿ ನಾನು ಇಲ್ಲಿಂದ ಏಳೋದಿಲ್ಲ" ಎಂದಳು.

ಏಳಲಿಲ್ಲ. ಬೆನ್ನಿಗೆ ಆಸರೆ ಇಲ್ಲದ ಸ್ಟೀಲ್ ಸ್ಟೂಲು. ಅವಸರದಲ್ಲಿ ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದು ಕಾಲಿಗೆ ನನ್ನದು. ಅದೇ ಹಾಳೆಯ ಹಿಂದೆ ಗಂಟೆ, ಜ್ವರ ಎಲ್ಲ ಬರೆದುಕೊಳ್ಳುತ್ತಿದ್ದಳು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. "3.10 – 101.6, ನಡುಕ." "4.45 – 100.8, ಅತ್ತರು." ಕೊನೇ ಸಾಲು: "6.40 – ನಿದ್ದೆ. ಗೊರಕೆ."

ಎರಡು ರಾತ್ರಿಗೆ ಬಂದವಳು ಎರಡು ವಾರ ಇದ್ದಳು. "ಏನಾದ್ರೂ ಬೇಕಾದ್ರೆ ಹೇಳಿ" ಅಂತ ಒಂದು ದಿನವೂ ಹೇಳಲಿಲ್ಲ. ಕೀಮೋದಿಂದ ನನ್ನ ಬೆರಳ ತುದಿ ಜೋಮು ಹಿಡಿದು, ಗುಂಡಿ ಹಾಕಲು ಹೋದರೆ ಸಿಗುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಎದ್ದು ನೋಡಿದರೆ ನನ್ನ ಆರು ಕುರ್ತಾದ ಗುಂಡಿಯೂ ಕಿತ್ತು ಟಿಚ್ ಬಟನ್ ಹೊಲಿದಿಟ್ಟಿದ್ದಳು. ಆ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ನೀರು ಬಿಸಿಯಿದೆಯಾ ಅಂತ ನೋಡುವುದು ಈಗಲೂ ಮೊಣಕೈಯಿಂದಲೇ.

ನಿಜ ಹೇಳಬೇಕೆಂದರೆ, ಕಷ್ಟ ಜಾಸ್ತಿಯಾದದ್ದು ಎಲ್ಲ ಮುಗಿದ ಮೇಲೆ. ಕೊನೇ ಕೀಮೋ ಆಯಿತು, ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಹೋಗಲೇಬೇಕಲ್ಲ. ಆಗ ನನ್ನ ಅಳು ಶುರುವಾಯಿತು. ಊಟ ಜಾಸ್ತಿಯಾದರೂ ಹೊಟ್ಟೆ ಉಬ್ಬುತ್ತದೆ, ಈ ಕಾಯಿಲೆ ಬಂದರೂ ಹೊಟ್ಟೆ ಉಬ್ಬುತ್ತದೆ. ಯಾವುದು ಯಾವುದು ಅಂತ ಹೇಗೆ ತಿಳಿಯೋದು? ಆಸ್ಪತ್ರೆಯ ನರ್ಸ್ ಒಬ್ಬರು ಒಂದು ಲೆಕ್ಕ ಕೊಟ್ಟರು: "ಎರಡು ವಾರ ಬಿಡದೆ ಇದ್ದರೆ ಫೋನ್ ಮಾಡಿ, ಅಲ್ಲಿಯವರೆಗೆ ತಾರೀಕು ಹಾಕಿ ಬರೆದಿಡಿ." ಆ ಪುಸ್ತಕದಲ್ಲಿ ಎಷ್ಟೋ ನಮೂದು ಇವೆ, ಒಂದೂ ಎರಡು ವಾರ ಮುಟ್ಟಿಲ್ಲ. ಅಂಡಾಶಯ ತೆಗೆದ ಮೇಲೆ ಮುಟ್ಟು ನಿಲ್ಲುವುದು ಬೇರೆಯವರಿಗೆ ಆದ ಹಾಗೆ ನಿಧಾನವಾಗಿ ಅಲ್ಲ, ಧಡಕ್ಕನೆ, ಅದಕ್ಕೇ ಈ ಬೆವರು, ಈ ಸಿಟ್ಟು, ನಿಮಗೇನೂ ಹುಚ್ಚು ಹಿಡಿದಿಲ್ಲ ಅಂತ ಬಿಡಿಸಿ ಹೇಳಿದವರೂ ಅವರೇ. ಅವರಿಗೆ ನನ್ನ ನಮಸ್ಕಾರ.

ಇನ್ನೊಂದು ಮಾತು, ಇದನ್ನು ಬರೆಯುವುದು ಕಷ್ಟ. ನನ್ನದು ಬಿಆರ್‌ಸಿಎ-1, ಅಂದರೆ ಮನೆತನದಲ್ಲಿ ಹರಿದು ಬರುವ ಜೀನ್ ದೋಷ, ಅಂತ ಗೊತ್ತಾದ ದಿನ ತಂಗಿಗೆ ಫೋನ್ ಮಾಡಿ "ನೀನೂ ಟೆಸ್ಟ್ ಮಾಡಿಸು" ಎಂದೆ. ಅವಳಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಸಾಲದ ಪತ್ರ ಅವಳ ಕೈಗೆ ಕೊಟ್ಟ ಹಾಗನಿಸಿತು. ಫೋನಿಟ್ಟು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಕೂತು ಅತ್ತೆ. ತಂಗಿ ಮಾತ್ರ ಒಂದೇ ಒಂದು ಸಲವೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಟೆಸ್ಟ್ ಮಾಡಿಸಿದಳು. ರಿಸಲ್ಟ್ ಅವಳದು, ಹೇಳಬೇಕಾದರೆ ಅವಳೇ ಹೇಳಲಿ. ನನ್ನ ಮಗಳಿಗೆ ಟೆಸ್ಟ್ ಮಾಡಿಸುವ ವಯಸ್ಸು ಇನ್ನೂ ಆಗಿಲ್ಲ. ಆ ಮಾತು ಬರುವ ದಿನಕ್ಕೆ ನಾನೂ ಇರಬೇಕು ಅಂತ ಆಸೆ.

ಓರಗಿತ್ತಿಗೆ ಇದನ್ನು ಹಾಕುವ ಮುಂಚೆ ತೋರಿಸಿದೆ. "ಗೊರಕೆ ವಿಷಯ ಇರಲಿ, ಚಪ್ಪಲಿದು ತೆಗಿ" ಎಂದಳು. ತೆಗೆದಿಲ್ಲ. ಹೋದ ವಾರ ಅದೇ ಹನ್ನೊಂದು ವರ್ಷದ ಹಳೇ ವಿಷಯಕ್ಕೆ ಮತ್ತೆ ಜಗಳ ಆಯಿತು, ಜೋರಾಗಿಯೇ. ಕಾಯಿಲೆಯವಳು ಅಂತ ಒಂದು ಮಾತೂ ಬಿಟ್ಟುಕೊಡಲಿಲ್ಲ. ಫೋನಿಟ್ಟ ಮೇಲೆ ತುಂಬಾ ಹೊತ್ತು ಒಬ್ಬಳೇ ನಗುತ್ತಿದ್ದೆ.